ದಿಣ್ಣೆ ದಾಟಿದ ಕಾವೇರಿ

ಬೆಂಗಳೂರು ನದಿ ದಂಡೆಯ ಊರಲ್ಲ. ಎರಡು ನದಿಗಳ ನಡುವಣ ದಿಣ್ಣೆಯ ಮೇಲೆ ಕುಳಿತ ಊರು. ಅದರ ಪಶ್ಚಿಮ ಇಳಿಜಾರಿನಲ್ಲಿ ಬಿದ್ದ ಮಳೆ ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಯನ್ನು ಸೇರುತ್ತದೆ. ಪೂರ್ವಕ್ಕೆ ಬಿದ್ದದ್ದು ಹೆಬ್ಬಾಳ, ಕೋರಮಂಗಲ ಕಣಿವೆಗಳಲ್ಲಿಳಿದು ದಕ್ಷಿಣ ಪಿನಾಕಿನಿಯತ್ತ ಸಾಗುತ್ತದೆ. ಹಿಂದೆ ಕೆರೆ ಕಟ್ಟಿಸಿದವರು ಈ ಇಳಿಜಾರು ನೋಡಿಯೇ ಏರಿ ಹಾಕಿಸಿದ್ದರು; ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನದು ತುಂಬುತ್ತಿತ್ತು.

ಊರು ಬೆಳೆದಂತೆ ಕೆರೆಗಳು ಸಾಲದಾದವು. 1890ರ ದಶಕದಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ನೀರು ತರಲಾಯಿತು. ಎರಡೂ ಅರ್ಕಾವತಿಯವೇ. ಅದೂ ಸಾಲದೆ 1974ರಲ್ಲಿ ಕಾವೇರಿಯೇ ಊರಿಗೆ ಬಂತು. ಬಂತು ಎನ್ನುವುದಕ್ಕಿಂತ ಹತ್ತಿಸಲಾಯಿತು ಎನ್ನಬೇಕು. ಸುಮಾರು 100 ಕಿ.ಮೀ. ದೂರದಿಂದ ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮೂರು ಬಾರಿ ಪಂಪು ಮಾಡಿದರೆ ಮಾತ್ರ ನೀರು ಇಷ್ಟು ಎತ್ತರ ಮುಟ್ಟುತ್ತದೆ. ಮುಟ್ಟಿದ ಮೇಲೆ ಕೊಳವೆಗೆ ಪೂರ್ವ ಪಶ್ಚಿಮವೆಂಬ ಭೇದವಿಲ್ಲ. ದಿಣ್ಣೆಯ ಆಚೆಗಿನ ನಲ್ಲಿಯಲ್ಲೂ ಕಾವೇರಿಯೇ.

ಭೇದ ಕಾಣಿಸಿಕೊಂಡದ್ದು ಕಾಗದದ ಮೇಲೆ. ಕಾವೇರಿ ಜಲವಿವಾದ ನ್ಯಾಯಮಂಡಳಿ 2007ರ ಅಂತಿಮ ತೀರ್ಪಿನಲ್ಲಿ ನಗರದ ಮೂರನೆಯ ಒಂದು ಭಾಗ ಮಾತ್ರ ಕಾವೇರಿ ಕಣಿವೆಗೆ ಸೇರಿದ್ದೆಂದು ಲೆಕ್ಕ ಹಿಡಿದು, ಅಷ್ಟಕ್ಕೇ ಕುಡಿಯುವ ನೀರನ್ನು ಗೊತ್ತುಮಾಡಿತು. ಭೂಪಟ ನೋಡಿದರೆ ಇದರಲ್ಲಿ ತರ್ಕವಿದೆ. ಆದರೆ ಒಂದೇ ಬೀದಿಯ ಎರಡು ಮನೆಗಳು ಬೇರೆ ಬೇರೆ ಕಣಿವೆಗೆ ಸೇರಿದ ಊರಿನಲ್ಲಿ ದಾಹವನ್ನು ಹೀಗೆ ಅಳೆಯುವುದು ವಿಚಿತ್ರವೇ. ಸುಪ್ರೀಂ ಕೋರ್ಟ್ 2018ರ ಫೆಬ್ರವರಿ 16ರಂದು ಆ ಮಿತಿಯನ್ನು ತಳ್ಳಿಹಾಕಿತು. ಕುಡಿಯುವ ನೀರಿಗೇ ಅಗ್ರಸ್ಥಾನವೆಂದು ಹೇಳಿ, ಕರ್ನಾಟಕಕ್ಕೆ ಹೆಚ್ಚಿಗೆ ಕೊಟ್ಟ 14.75 ಟಿಎಂಸಿ ಅಡಿಯಲ್ಲಿ 4.75 ಬೆಂಗಳೂರಿಗೆಂದೇ ತೆಗೆದಿರಿಸಿತು. ತಮಿಳುನಾಡಿಗೆ ಬಿಡಬೇಕಾದ ನೀರು 192ರಿಂದ 177.25 ಟಿಎಂಸಿ ಅಡಿಗೆ ಇಳಿಯಿತು. ನಗರದ ನೀರು ಯಾರದೋ ಗದ್ದೆಯ ಲೆಕ್ಕದಿಂದಲೇ ಬರಬೇಕಷ್ಟೆ.

2024ರಲ್ಲಿ ಕಾವೇರಿ ಐದನೇ ಹಂತ ಆರಂಭವಾಗಿ, ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚುವರಿ ನೀರಿಗೆ ದಾರಿಯಾಯಿತು.

ಬಳಸಿದ ನೀರಿಗೂ ಒಂದು ಪಯಣವಿದೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಶುದ್ಧೀಕರಿಸಿ 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಪಂಪು ಮಾಡಲಾಗುತ್ತಿದೆ. ಬರಕ್ಕೆ ಬಾಯಾರಿದ್ದ ಕೆರೆಗಳು ತುಂಬಿದವು, ಬತ್ತಿದ್ದ ಕೊಳವೆಬಾವಿಗಳಲ್ಲಿ ನೀರು ಕಂಡಿತು. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಆಗಲೇಬೇಕೆಂದು ಅಲ್ಲಿನ ಜನ ಕೋರ್ಟಿಗೂ ಹೋದರು. ಕೊಡಗಿನಲ್ಲಿ ಹುಟ್ಟಿದ ನೀರು ಬೆಂಗಳೂರಿನ ಬಚ್ಚಲು ಹಾದು ಕೋಲಾರದ ಕೆರೆ ಸೇರುವಾಗ ಹೇಗಿರಬೇಕೆಂಬುದು ಅವರ ತಕರಾರು.