ಎರಡು ಕಾಲಘಟ್ಟಗಳ ಐತಿಹಾಸಿಕ ಕಾದಂಬರಿ

ಎರಡು ಕಾಲಘಟ್ಟಗಳ ಐತಿಹಾಸಿಕ ಕಾದಂಬರಿ ಎಂಬುದು ಹಿಂದಿನ ಕಾಲದ ಒಂದು ಕಥೆಯನ್ನೂ ಈಚಿನ ಕಾಲದ ಮತ್ತೊಂದು ಕಥೆಯನ್ನೂ ಸರದಿಯಂತೆ ನಿರೂಪಿಸಿ, ಕೊನೆಗೆ ಎರಡನ್ನೂ ಒಂದುಗೂಡಿಸುವ ಕಾದಂಬರಿ ಪ್ರಕಾರ. ಯುದ್ಧಕಾಲದಲ್ಲಿ ಬದುಕಿದ ಮಹಿಳೆಯರ ಜೀವನವನ್ನು ಆಧರಿಸಿದ ಕಥೆಗಳಲ್ಲಿ ಈ ರಚನೆ ಹೆಚ್ಚಾಗಿ ಕಂಡುಬರುತ್ತದೆ. ಅಂಥ ಮಹಿಳೆಯರನ್ನು ಕುರಿತ ದಾಖಲೆಗಳು ಬಹುಮಟ್ಟಿಗೆ ಇತರರು ಬರೆದವು. ಅವುಗಳನ್ನು ಇಂದಿನ ಪಾತ್ರವೊಂದು ಹುಡುಕಿ, ಓದಿ, ಪ್ರಶ್ನಿಸಲು ಎರಡನೆಯ ಕಾಲಘಟ್ಟ ಅವಕಾಶ ನೀಡುತ್ತದೆ. 1834ರ ಕೊಡಗಿನ ಯುದ್ಧ ಹಾಗೂ ಅಲ್ಲಿನ ರಾಜಮನೆತನದ ಸ್ತ್ರೀಯರ ಬದುಕು ಈ ಪ್ರಕಾರದ ಸಾಧ್ಯತೆಗಳನ್ನೂ ತೊಡಕುಗಳನ್ನೂ ತೋರಿಸುವ ನಿದರ್ಶನಗಳಾಗಿವೆ.

ಸ್ವರೂಪ

ಈ ಬಗೆಯ ಕಾದಂಬರಿಯಲ್ಲಿ ಎರಡು ಕಥೆಗಳನ್ನು ಬೆಸೆಯುವ ಒಂದು ಕೊಂಡಿ ಇರುತ್ತದೆ. ಪತ್ರ, ಭಾವಚಿತ್ರ, ಒಡವೆ, ಹಳೆಯ ಮನೆ ಅಥವಾ ಸಮಾಧಿ ಆ ಕೊಂಡಿಯಾಗಬಹುದು. ಕೇಟ್ ಕ್ವಿನ್ ಅವರ 'ದಿ ಆಲಿಸ್ ನೆಟ್‌ವರ್ಕ್' (2017) ಕಾದಂಬರಿಯ ಒಂದು ಕಥೆ ಮೊದಲ ಮಹಾಯುದ್ಧದಲ್ಲಿ ಜರ್ಮನ್ ವಶದಲ್ಲಿದ್ದ ಫ್ರಾನ್ಸಿನದು, ಇನ್ನೊಂದು 1947ರದು. ಅದರಲ್ಲಿ ಬರುವ ಗೂಢಚಾರಿಣಿಯರ ಜಾಲವನ್ನು ನಡೆಸಿದ ಲೂಯಿಸ್ ದ ಬೆಟಿನ್ಯಿ ನಿಜವಾಗಿ ಬದುಕಿದ್ದ ಮಹಿಳೆ.

ಕನ್ನಡದಲ್ಲಿ ಎಸ್. ಎಲ್. ಭೈರಪ್ಪನವರ 'ಆವರಣ' (2007) ಎರಡು ಕಾಲಗಳನ್ನು ಹೆಣೆದ ಕೃತಿ. ಇದರ ಸಮಕಾಲೀನ ನಾಯಕಿ ಇತಿಹಾಸವನ್ನು ಅಧ್ಯಯನ ಮಾಡಿ ಬರೆಯುವ ಮೊಗಲರ ಕಾಲದ ಕಾದಂಬರಿಯು ಕಾದಂಬರಿಯೊಳಗೇ ಬರುತ್ತದೆ. ವಸುಧೇಂದ್ರರ 'ತೇಜೋ ತುಂಗಭದ್ರಾ' (2019) ಲಿಸ್ಬನ್ ಮತ್ತು ವಿಜಯನಗರಗಳ ಕಥೆಗಳನ್ನು ಜೊತೆಜೊತೆಯಾಗಿ ಹೇಳಿದರೂ ಅವೆರಡೂ ಒಂದೇ ಕಾಲದವು. ಆದ್ದರಿಂದ ಅದು ಈ ಪ್ರಕಾರಕ್ಕೆ ಸೇರುವುದಿಲ್ಲ.

ಕೊಡಗಿನ ಇತಿಹಾಸದ ಮಹಿಳೆಯರು

ದೇವಮ್ಮಾಜಿ: ಹಾಲೇರಿ ವಂಶದ ಕೊನೆಯ ಅರಸ ಚಿಕ್ಕವೀರರಾಜೇಂದ್ರನ ತಂಗಿ. 1832ರಲ್ಲಿ ಈಕೆ ಪತಿ ಚೆನ್ನಬಸಪ್ಪನೊಡನೆ ಕೊಡಗನ್ನು ತೊರೆದು ಮೈಸೂರಿನ ಬ್ರಿಟಿಷ್ ರೆಸಿಡೆಂಟನ ಆಶ್ರಯ ಪಡೆದಳು. ಅವರನ್ನು ತನಗೆ ಒಪ್ಪಿಸಬೇಕೆಂದು ಅರಸನು ಕೇಳಿದಾಗ ಬ್ರಿಟಿಷರು ನಿರಾಕರಿಸಿದರು. ಈ ವಿವಾದ ಯುದ್ಧದ ಕಾರಣಗಳಲ್ಲಿ ಒಂದಾಯಿತು. 1834ರ ಏಪ್ರಿಲ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ನಾಲ್ಕು ದಿಕ್ಕುಗಳಿಂದ ಕೊಡಗನ್ನು ಪ್ರವೇಶಿಸಿ ಮಡಿಕೇರಿಯನ್ನು ವಶಪಡಿಸಿಕೊಂಡಿತು. ಅರಸನು ಶರಣಾದನು, ಮೇ ತಿಂಗಳಲ್ಲಿ ಕೊಡಗು ಕಂಪನಿಯ ಆಡಳಿತಕ್ಕೆ ಸೇರಿತು.

ವಿಕ್ಟೋರಿಯಾ ಗೌರಮ್ಮ: ಚಿಕ್ಕವೀರರಾಜೇಂದ್ರನ ಮಗಳು. ಅರಸನು ಪದಚ್ಯುತನಾಗಿ ಕಾಶಿಯಲ್ಲಿದ್ದಾಗ, 1841ರಲ್ಲಿ ಜನಿಸಿದಳು. ಈಕೆ ಯುದ್ಧವನ್ನು ಕಂಡವಳಲ್ಲ, ಆದರೆ ಅದರ ಪರಿಣಾಮವನ್ನು ಜೀವನವಿಡೀ ಅನುಭವಿಸಿದವಳು. 1852ರಲ್ಲಿ ತಂದೆಯೊಡನೆ ಇಂಗ್ಲೆಂಡಿಗೆ ಹೋದಳು. ಅದೇ ವರ್ಷ ಆಕೆಗೆ ಕ್ರೈಸ್ತ ದೀಕ್ಷೆ ನೀಡಲಾಯಿತು. ವಿಕ್ಟೋರಿಯಾ ರಾಣಿ ಧರ್ಮಮಾತೆಯಾಗಿ ತನ್ನ ಹೆಸರನ್ನೇ ಕೊಟ್ಟಳು. ಪಂಜಾಬಿನ ಪದಚ್ಯುತ ಮಹಾರಾಜ ದುಲೀಪ್ ಸಿಂಗ್‌ನೊಡನೆ ಆಕೆಯ ವಿವಾಹ ನಡೆಯಲೆಂದು ರಾಣಿ ಬಯಸಿದ್ದಳಾದರೂ ಅದು ಕೈಗೂಡಲಿಲ್ಲ. 1860ರಲ್ಲಿ ಕರ್ನಲ್ ಜಾನ್ ಕ್ಯಾಂಪ್‌ಬೆಲ್‌ನನ್ನು ಮದುವೆಯಾದ ಗೌರಮ್ಮ ಒಂದು ಹೆಣ್ಣುಮಗುವಿನ ತಾಯಿಯಾಗಿ, 1864ರಲ್ಲಿ ನಿಧನಳಾದಳು. ಆಕೆಯ ಸಮಾಧಿ ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿದೆ. ಆಕೆಯ ಅಜ್ಜ ಲಿಂಗರಾಜೇಂದ್ರನ ಸಮಾಧಿ ಮಡಿಕೇರಿಯ ಗದ್ದಿಗೆಯಲ್ಲಿದೆ.

ಆಕರಗಳು

ಕಂಪನಿಯ ಅಧಿಕಾರಿಗಳ ಪತ್ರವ್ಯವಹಾರ, ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ 1855ರಲ್ಲಿ ಪ್ರಕಟಿಸಿದ ಕೊಡಗಿನ ವೃತ್ತಾಂತ, ಜಿ. ರಿಕ್ಟರ್ 1870ರಲ್ಲಿ ರಚಿಸಿದ ಕೊಡಗಿನ ಕೈಪಿಡಿ, ವಿಕ್ಟೋರಿಯಾ ರಾಣಿಯ ದಿನಚರಿ ಹಾಗೂ ಲೇಡಿ ಲಾಗಿನ್ನಳ ನೆನಪುಗಳು ಮುಖ್ಯ ಆಕರಗಳು. ಗೌರಮ್ಮನ ಭಾವಚಿತ್ರವನ್ನು ಆಸ್ಥಾನ ಚಿತ್ರಕಾರ ವಿಂಟರ್‌ಹಾಲ್ಟರ್ ಬರೆದಿದ್ದಾನೆ.

ಇವೆಲ್ಲವೂ ಗೆದ್ದವರ ಕಡೆಯವು ಎಂಬುದು ಗಮನಾರ್ಹ. ಅರಸನ ಕ್ರೌರ್ಯದ ವರ್ಣನೆಗಳು ರಾಜ್ಯ ಕಬಳಿಕೆಗೆ ಸಮರ್ಥನೆಯಾಗಿಯೂ ಒದಗಿದವು. ದೇವಮ್ಮಾಜಿಯ ಅಳಲು ಈ ಬರಹಗಳಲ್ಲಿ ರಾಜಕೀಯ ಕಾರಣವಾಗಿ ಉಳಿಯಿತೇ ಹೊರತು ಒಬ್ಬ ಹೆಣ್ಣಿನ ಅನುಭವವಾಗಿ ಉಳಿಯಲಿಲ್ಲ. ಹಾಗೆಂದು ಆಕೆಯ ಭಯ ಸುಳ್ಳೆಂದು ತಳ್ಳಿಹಾಕುವಂತೆಯೂ ಇಲ್ಲ. ಒಂದೇ ಕಾಲದ ಕಥೆಯಲ್ಲಿ ಲೇಖಕರು ಈ ಎರಡರಲ್ಲೊಂದನ್ನು ಆಯ್ದುಕೊಳ್ಳಬೇಕಾಗುವ ಸಂಭವ ಹೆಚ್ಚು. ಎರಡು ಕಾಲಗಳ ಕಥೆಯಲ್ಲಿ ಇಂದಿನ ಪಾತ್ರವು ಸಂಶಯವನ್ನು ಸಂಶಯವಾಗಿಯೇ ಓದುಗರ ಮುಂದಿಡಬಲ್ಲದು.

ಕೊಡಗನ್ನು ಕುರಿತ ಕಾದಂಬರಿಗಳು

ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ 'ಚಿಕವೀರ ರಾಜೇಂದ್ರ' (1956) ಕೊಡಗಿನ ಅರಸೊತ್ತಿಗೆಯ ಪತನವನ್ನು ಚಿತ್ರಿಸುತ್ತದೆ. ರಾಣಿ ಹಾಗೂ ಅರಸನ ತಂಗಿಯ ಪಾತ್ರಗಳಿಗೆ ಅದರಲ್ಲಿ ಮಹತ್ವದ ಸ್ಥಾನವಿದೆ. ಮಾಸ್ತಿಯವರಿಗೆ 1983ನೇ ಸಾಲಿನ ಜ್ಞಾನಪೀಠ ಪ್ರಶಸ್ತಿ ದೊರೆಯಿತು. ಕೊಡಗು ಮೂಲದ ಸರಿತಾ ಮಂದಣ್ಣ ಇಂಗ್ಲಿಷಿನಲ್ಲಿ ಬರೆದ 'ಟೈಗರ್ ಹಿಲ್ಸ್' (2010) 1878ರಲ್ಲಿ ಜನಿಸುವ ದೇವಿ ಎಂಬ ಕಲ್ಪಿತ ನಾಯಕಿಯ ಕಥೆ. ಗೌರಮ್ಮನ ಬದುಕನ್ನು ಕುರಿತು ಸಿ. ಪಿ. ಬೆಳ್ಳಿಯಪ್ಪ ಇಂಗ್ಲಿಷಿನಲ್ಲಿ ಪುಸ್ತಕ ರಚಿಸಿದ್ದಾರೆ.

ರಚನೆಯಲ್ಲಿ ಗಮನಿಸುವ ಅಂಶಗಳು

ಕಾಲದೋಷವನ್ನು ತಪ್ಪಿಸುವುದು ಮೊದಲ ಅಗತ್ಯ. ಮಡಿಕೇರಿಯ ಬಳಿ ಐರೋಪ್ಯರ ಮೊದಲ ಕಾಫಿ ತೋಟ ಆರಂಭವಾದದ್ದು 1854ರಲ್ಲಿ. ಆದುದರಿಂದ ಇಂದಿನ ಕಾಲದ ಕಥೆಗೆ ಹೊಂದುವ ತೋಟ, ಬಂಗಲೆಗಳು 1834ರ ಕಥೆಗೆ ಹೊಂದುವುದಿಲ್ಲ. ಅಲ್ಲಿ ಕಾಡು ಮತ್ತು ಭತ್ತದ ಗದ್ದೆಗಳಿರಬೇಕು. ಹಾಗೆಯೇ ಹಾಲೇರಿ ಅರಸರು ಲಿಂಗಾಯತರು. ಅವರ ಆಡಳಿತ ಭಾಷೆ ಕನ್ನಡ. ಅರಮನೆಯ ಹೆಂಗಸರಿಗೆ ಕೊಡವ ಉಡುಗೆ ತೊಡಿಸಿ ಕೊಡವ ತಕ್ಕ್ ಆಡಿಸಿದರೆ ಎರಡು ಸಮುದಾಯಗಳ ಇತಿಹಾಸವೂ ಕಲಸಿಹೋಗುತ್ತದೆ. ಕೊಡವ ಮನೆತನಗಳ ಬಾಳನ್ನು ಚಿತ್ರಿಸುವವರಿಗೆ ನಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿದ 'ಪಟ್ಟೋಲೆ ಪಳಮೆ' (1924) ಉಪಯುಕ್ತ ಆಕರ.

ಎರಡೂ ಕಥೆಗಳಿಗೆ ಸಮಾನ ತೂಕವಿರಬೇಕಾದುದು ಇನ್ನೊಂದು ಅಂಶ. ಇಂದಿನ ಪಾತ್ರಕ್ಕೆ ತನ್ನದೇ ಆದ ಸಮಸ್ಯೆ ಇಲ್ಲದಿದ್ದರೆ ಅದು ಹಳೆಯ ಕಡತಗಳನ್ನು ಓದಿ ಹೇಳುವ ಸಾಧನವಷ್ಟೇ ಆಗುತ್ತದೆ.

ಸತ್ಯ ಮತ್ತು ಕಲ್ಪನೆ

ನಿಜವಾಗಿ ಬದುಕಿದ ಮಹಿಳೆಗೆ ಕಲ್ಪಿತ ಪ್ರೇಮ, ದ್ರೋಹ ಅಥವಾ ಅಪರಾಧವನ್ನು ಆರೋಪಿಸುವುದು ಈ ಪ್ರಕಾರದ ಬಗೆಗಿನ ಪ್ರಮುಖ ಆಕ್ಷೇಪ. ಕಾದಂಬರಿ ಜನಪ್ರಿಯವಾದಂತೆ ಅದರ ಕಲ್ಪನೆಯೇ ಇತಿಹಾಸವೆಂದು ರೂಢಿಯಾಗುವ ಅಪಾಯವಿದೆ. ಇದಕ್ಕೆ ಲೇಖಕರು ಸಾಮಾನ್ಯವಾಗಿ ಎರಡು ಮಾರ್ಗಗಳನ್ನು ಅನುಸರಿಸುತ್ತಾರೆ: ಹೆಸರನ್ನು ಬದಲಿಸಿ ಪೂರ್ಣ ಸ್ವಾತಂತ್ರ್ಯ ಪಡೆಯುವುದು, ಇಲ್ಲವೇ ನಿಜ ಹೆಸರನ್ನು ಉಳಿಸಿ, ದಾಖಲೆಯಲ್ಲಿರುವುದು ಯಾವುದು, ತಾವು ಸೇರಿಸಿದ್ದು ಯಾವುದು ಎಂಬುದನ್ನು ಕೃತಿಯ ಕೊನೆಯಲ್ಲಿ ತಿಳಿಸುವುದು.