ದುಡಿಮೆಯ ಮನೆಯಲ್ಲಿ ವಿನೋದ

ಕೆಲಸದ ನಡುವೆ ನಗೆ, ಹಾಡು, ಆಟಗಳಿಗೆ ಎಡೆಯಿದ್ದರೆ ನೌಕರನ ಮೇಲೆ ಆಗುವ ಪರಿಣಾಮವೇನು ಎಂಬ ಪ್ರಶ್ನೆಯನ್ನು ಈಚೆಗೆ ಬಹುಮಟ್ಟಿಗೆ ಮನಶ್ಶಾಸ್ತ್ರಜ್ಞರೂ ವಾಣಿಜ್ಯಶಾಸ್ತ್ರದ ಪಂಡಿತರೂ ವಿಚಾರಿಸುತ್ತಿರುವರು. ಪ್ರಶ್ನಾವಳಿಗಳನ್ನು ಹಂಚಿ, ಬಂದ ಉತ್ತರಗಳನ್ನು ಎಣಿಸಿ, ವಿನೋದವು ಉತ್ಪನ್ನವನ್ನು ಹೆಚ್ಚಿಸುವುದೋ ಇಲ್ಲವೋ ಎಂಬುದನ್ನು ನಿರ್ಣಯಿಸಲು ಯತ್ನಿಸುವುದು ಅವರ ಕ್ರಮ. ಇದರಲ್ಲಿ ಚರಿತ್ರೆಯನ್ನು ಓದುವವರಿಗೆ ಏನು ಕೆಲಸ ಎಂದು ಕೆಲವರು ಕೇಳಬಹುದು. ಆ ಪ್ರಶ್ನೆಗೇ ಒಂದು ಚರಿತ್ರೆಯುಂಟೆಂಬುದೂ, ಆ ಚರಿತ್ರೆಯನ್ನು ಅರಿಯದೆ ಕೊಟ್ಟ ಉತ್ತರವು ಅರ್ಧ ಉತ್ತರವಾಗುವುದೆಂಬುದೂ ನಮ್ಮ ಅಭಿಪ್ರಾಯ. ವಿನೋದ ಎಷ್ಟು ಎಂಬುದಕ್ಕಿಂತ ಅದು ಯಾರ ವಶದಲ್ಲಿ ಇತ್ತು ಎಂಬುದನ್ನೇ ಮೊದಲು ಕೇಳಬೇಕೆಂದು ನಮಗೆ ತೋರುತ್ತದೆ.

ನಮ್ಮ ಹಳ್ಳಿಗಳಲ್ಲಿ ಬೀಸುವ ಕಲ್ಲಿನ ಮುಂದೆಯೂ ಒರಳಿನ ಮುಂದೆಯೂ ನಾಟಿಯ ಗದ್ದೆಯಲ್ಲಿಯೂ ಹೆಣ್ಣುಮಕ್ಕಳು ಹಾಡಿಕೊಂಡು ಬಂದ ಪದಗಳನ್ನು ಎಲ್ಲರೂ ಬಲ್ಲರು. ಹಲಸಂಗಿಯ ಗೆಳೆಯರು ಸಂಗ್ರಹಿಸಿದ 'ಗರತಿಯ ಹಾಡು' ಅವುಗಳಿಗೆ ವಿದ್ವಾಂಸರ ನಡುವೆ ಗೌರವದ ಸ್ಥಾನವನ್ನು ದೊರಕಿಸಿತು. ಕಾವ್ಯವೆಂದು ಅವುಗಳನ್ನು ಮೆಚ್ಚುವವರು ಒಂದು ಸಂಗತಿಯನ್ನು ಸಾಮಾನ್ಯವಾಗಿ ಮರೆಯುವರು. ಆ ಹಾಡಿನ ಲಯ ಕಲ್ಲಿನ ಸುತ್ತಿನಿಂದ ಹುಟ್ಟಿದ್ದು. ಆದರೆ ಕಲ್ಲನ್ನು ಎಷ್ಟು ಬೇಗ ತಿರುಗಿಸಬೇಕೆಂಬುದನ್ನು ಗೂಟ ಹಿಡಿದವಳ ಕೈಯೇ ನಿರ್ಣಯಿಸುತ್ತಿತ್ತು. ತೋಳು ಸೋತಾಗ ಹಾಡು ನಿಧಾನವಾಗುವುದು, ಹಾಡು ಚುರುಕಾದಾಗ ತೋಳು ಮತ್ತೆ ಏಳುವುದು. ಇಲ್ಲಿ ಕೆಲಸ ಬೇರೆ, ವಿನೋದ ಬೇರೆ ಎಂದು ಗೆರೆಯೆಳೆಯುವುದು ಸಾಧ್ಯವಿಲ್ಲ. ಆ ಪದಗಳಲ್ಲಿ ಅತ್ತೆಯ ಕಾಟ, ತವರಿನ ಹಂಬಲ ಮುಂತಾದ ಅಳಲೂ ಸೇರಿರುವುದರಿಂದ ಅವುಗಳನ್ನು ಬರಿಯ ಉಲ್ಲಾಸವೆಂದು ತಿಳಿಯಲೂ ಬಾರದು.

ಇದೇ ಬಗೆಯಲ್ಲಿ ಕೆಲಸದ ವೇಗವನ್ನು ತನ್ನ ಕೈಯಲ್ಲೇ ಇಟ್ಟುಕೊಂಡಿದ್ದ ಕುಶಲಕರ್ಮಿ ಇಂಗ್ಲೆಂಡಿನಲ್ಲಿಯೂ ಇದ್ದನು. ಅಲ್ಲಿನ ನೇಕಾರರು, ಚಮ್ಮಾರರು, ಅಚ್ಚುಕೂಟದವರು ಭಾನುವಾರದ ಮರುದಿನವೂ ಕೆಲಸಕ್ಕೆ ಬಾರದೆ ಕುಡಿತ, ಆಟ, ಹರಟೆಗಳಲ್ಲಿ ಕಳೆಯುವ ರೂಢಿಗೆ 'ಸಂತ ಸೋಮವಾರ' ಎಂಬ ಹಾಸ್ಯದ ಹೆಸರಿತ್ತು. ಪಂಚಾಂಗದಲ್ಲಿಲ್ಲದ ಸಂತನ ಹಬ್ಬ ಅದು. ಅವರು ವಾರದ ಮೊದಲಲ್ಲಿ ಸಡಿಲವಾಗಿಯೂ ಕೊನೆಯಲ್ಲಿ ದೀಪ ಹಚ್ಚಿಕೊಂಡೂ ದುಡಿಯುತ್ತಿದ್ದ ಬಗೆಯನ್ನು ಇ. ಪಿ. ಥಾಂಪ್ಸನ್ 1967ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ವಿವರಿಸಿದ್ದಾರೆ. 1769ರಲ್ಲಿ ಎಟ್ರೂರಿಯಾ ಎಂಬಲ್ಲಿ ಪಿಂಗಾಣಿಯ ಕಾರ್ಖಾನೆಯನ್ನು ತೆರೆದ ಜೊಸೈಯಾ ವೆಜ್‌ವುಡ್ಡನು ಗಂಟೆ ಬಾರಿಸಿ, ಹಾಜರಿ ಹಿಡಿದು, ದಂಡ ವಿಧಿಸಿ ಕೆಲಸಗಾರರನ್ನು ಶಿಸ್ತಿಗೆ ತಂದನೆಂಬ ಖ್ಯಾತಿಯುಳ್ಳವನು. ಅಂಥವನೂ ಊರ ಜಾತ್ರೆಗಳು ಬಂದಾಗ ಕಾರ್ಖಾನೆ ಬರಿದಾಗುವುದನ್ನು ತಡೆಯಲಾರದೆ ಪತ್ರಗಳಲ್ಲಿ ಗೊಣಗಿಕೊಂಡನು. ಹತ್ತೊಂಬತ್ತನೆಯ ಶತಮಾನದಲ್ಲಿ ಸಂತ ಸೋಮವಾರ ಕ್ರಮೇಣ ಅಳಿಯಿತು. ಬಟ್ಟೆ ಗಿರಣಿಗಳಲ್ಲಿ ಹೆಂಗಸರಿಗೂ ಎಳೆಯರಿಗೂ ಶನಿವಾರ ಮಧ್ಯಾಹ್ನ 2 ಗಂಟೆಗೆ ಕೆಲಸ ಮುಗಿಯಬೇಕೆಂದು 1850ರ ಕಾಯಿದೆ ವಿಧಿಸಿತು. ಹೀಗೆ ತಾವೇ ತೆಗೆದುಕೊಳ್ಳುತ್ತಿದ್ದ ಸೋಮವಾರ ಹೋಗಿ, ಇತರರು ಕೊಟ್ಟ ಶನಿವಾರದ ಅರ್ಧದಿನ ಬಂದಿತು. ವಿನೋದ ಕೆಲಸದ ಮನೆಯಿಂದ ಹೊರಬಿದ್ದು ಗಡಿಯಾರದ ಆಚೆಗೆ ನಿಂತಿತು.

ಆ ಹಳೆಯ ವಿನೋದವನ್ನು ಈಗ ಕೊಂಡಾಡುವವರು ಬಹಳ. ಅವರು ಬೆಂಜಮಿನ್ ಫ್ರಾಂಕ್ಲಿನ್ನನ ಆತ್ಮಚರಿತ್ರೆಯ ಕೆಲವು ಪುಟಗಳನ್ನು ಓದುವುದು ಒಳ್ಳೆಯದು. ಇನ್ನೂ ಇಪ್ಪತ್ತು ವರ್ಷದ ತರುಣನಾಗಿದ್ದ ಫ್ರಾಂಕ್ಲಿನ್ನನು ಲಂಡನ್ನಿನ ವಾಟ್ಸ್ ಎಂಬವನ ಅಚ್ಚುಕೂಟದಲ್ಲಿ ಕೆಲಸ ಮಾಡಿದನು. ಅಲ್ಲಿ ಯಂತ್ರದ ಕೆಲಸದ ಅವನ ಸಂಗಡಿಗನೊಬ್ಬನು ಬೆಳಗಿನಿಂದ ಸಂಜೆಯವರೆಗೆ ದಿನಕ್ಕೆ ಆರು ಪೈಂಟು ಬಿಯರ್ ಕುಡಿಯುತ್ತಿದ್ದನಂತೆ. ನೀರನ್ನೇ ಕುಡಿಯುತ್ತಿದ್ದ ಈ ಹೊಸಬನನ್ನು ಅವರು 'ನೀರಿನ ಅಮೆರಿಕದವ' ಎಂದು ಹಾಸ್ಯ ಮಾಡಿದರು. ಮೊಳೆ ಜೋಡಿಸುವವರ ಕೊಠಡಿಗೆ ಅವನನ್ನು ಬದಲಾಯಿಸಿದಾಗ ಅಲ್ಲಿನವರು ಕುಡಿತದ ಕಾಣಿಕೆಯೆಂದು ಐದು ಷಿಲಿಂಗು ಕೇಳಿದರು. ಕೆಳಗಿನ ಕೊಠಡಿಯಲ್ಲಿ ಒಮ್ಮೆ ಕೊಟ್ಟಾಗಿದೆ ಎಂದು ಅವನು ನಿರಾಕರಿಸಿದನು. ಕೊಡಬೇಡವೆಂದು ಯಜಮಾನನೂ ಹೇಳಿದನು. ಆಮೇಲೆ ಎರಡು ಮೂರು ವಾರ ಅವನು ಕೊಠಡಿಯಿಂದ ಹೊರಗೆ ಕಾಲಿಟ್ಟನೆಂದರೆ ಸಾಕು, ಅವನ ಮೊಳೆಗಳು ಕಲಸಿಹೋಗುವುವು, ಪುಟಗಳು ಅದಲುಬದಲಾಗುವುವು. ಇದೆಲ್ಲ ಅಚ್ಚುಕೂಟದ ದೆವ್ವದ ಕೆಲಸ ಎಂದು ಎಲ್ಲರೂ ಮುಖ ಗಂಟಿಕ್ಕದೆ ಹೇಳುವರು. ಕೊನೆಗೆ ಹಣ ತೆತ್ತು ಫ್ರಾಂಕ್ಲಿನ್ನನು ರಾಜಿಯಾದನು. ಯಜಮಾನನ ಆಜ್ಞೆಯೂ ಆ ದೆವ್ವದ ಮುಂದೆ ನಿಲ್ಲಲಿಲ್ಲ. ನಗುವವರಿಗೆ ಒಗ್ಗಟ್ಟು, ನಗೆಗೀಡಾದವನಿಗೆ ದಂಡ: ಕೆಲಸಗಾರರದೇ ಆದ ವಿನೋದಕ್ಕೆ ಈ ಇನ್ನೊಂದು ಮುಖವೂ ಇತ್ತು. ಇದೇ ಫ್ರಾಂಕ್ಲಿನ್ನನು ತಾನು ಸಂತ ಸೋಮವಾರವನ್ನು ಎಂದೂ ಆಚರಿಸದಿದ್ದುದರಿಂದ ಯಜಮಾನನ ಮೆಚ್ಚುಗೆಗೆ ಪಾತ್ರನಾದೆನೆಂದು ಬರೆದಿರುವುದೂ ಗಮನಾರ್ಹ.

ಇದಕ್ಕೂ ಕ್ರೂರವಾದ ನಗೆಯೊಂದನ್ನು ರಾಬರ್ಟ್ ಡಾರ್ನ್‌ಟನ್ನರು 1984ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪರೀಕ್ಷಿಸಿದ್ದಾರೆ. 1730ರ ದಶಕದ ಕೊನೆಯಲ್ಲಿ ಪ್ಯಾರಿಸ್ಸಿನ ಸ್ಯಾಂ ಸೆವೆರ್‍ಯಾಂ ಬೀದಿಯ ಒಂದು ಅಚ್ಚುಕೂಟದಲ್ಲಿ ನಡೆದ ಸಂಗತಿಯದು. ಅಲ್ಲಿ ಕೆಲಸ ಕಲಿತ ನಿಕೊಲಾ ಕೊಂಟಾ ಎಂಬಾತನು 1762ರಲ್ಲಿ ಅದನ್ನು ಬರೆದಿಟ್ಟನು. ಚಳಿಯ ಕೋಣೆಯಲ್ಲಿ ಮಲಗಿ ಎಂಜಲನ್ನು ಉಣ್ಣುತ್ತಿದ್ದ ಶಿಷ್ಯರಿಗಿಂತ ಯಜಮಾನಿತಿಯ ಬೆಕ್ಕು ಸುಖವಾಗಿತ್ತು. ಹುಡುಗರಲ್ಲೊಬ್ಬನು ಯಜಮಾನನ ಮಲಗುವ ಮನೆಯ ಮೇಲಿನ ಮಾಡನ್ನು ಹತ್ತಿ ರಾತ್ರಿಗಳುದ್ದಕ್ಕೂ ಬೆಕ್ಕಿನಂತೆ ಕೂಗಿದನು. ನಿದ್ದೆಗೆಟ್ಟ ಯಜಮಾನನು ಬೆಕ್ಕುಗಳನ್ನು ತೊಲಗಿಸಲು ಆಜ್ಞೆ ಮಾಡಿದನು. ಕೆಲಸಗಾರರು ಮೊದಲು ಯಜಮಾನಿತಿಯ ಮುದ್ದಿನ ಬೆಕ್ಕನ್ನೇ ಹೊಡೆದು ಬಚ್ಚಿಟ್ಟು, ಉಳಿದವುಗಳಿಗೆ ಹುಸಿ ವಿಚಾರಣೆ ನಡೆಸಿ ಗಲ್ಲಿಗೇರಿಸಿದರು. ಆಮೇಲೆ ಎಷ್ಟೋ ದಿನ, ಬೇಸರವಾದಾಗಲೆಲ್ಲ, ಆ ದೃಶ್ಯವನ್ನು ಮೂಕಾಭಿನಯದಲ್ಲಿ ಮತ್ತೆ ಮತ್ತೆ ಆಡಿ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ನಮಗೆ ನಗು ಬಾರದಿರುವುದೇ ಇಲ್ಲಿ ವಿಚಾರಣೀಯವೆಂದು ಡಾರ್ನ್‌ಟನ್ನರ ವಾದ. ಬಾಯಿಬಿಟ್ಟು ಹೇಳಲಾಗದ ದೂರು ಆ ನಗೆಯಲ್ಲಿತ್ತು. ಅದಕ್ಕಾಗಿ ಯಾರನ್ನೂ ಕೆಲಸದಿಂದ ತೆಗೆಯಲು ಬರುವಂತಿರಲಿಲ್ಲ.

ಇಪ್ಪತ್ತನೆಯ ಶತಮಾನದ ದೊಡ್ಡ ಕಾರ್ಖಾನೆಯು ಮೊದಲಿಗೆ ಈ ನಗೆಯನ್ನು ಬಾಯಿಮುಚ್ಚಿಸುವ ಮಾರ್ಗವನ್ನು ಹಿಡಿಯಿತು. ಹೆನ್ರಿ ಫೋರ್ಡನ ರೂಜ್ ಕಾರ್ಖಾನೆಯಲ್ಲಿ ಕೆಲಸದ ನಡುವೆ ಮಾತಾಡುವುದು ನಿಷಿದ್ಧವಾಗಿದ್ದುದರಿಂದ ತುಟಿ ಅಲುಗಿಸದೆ ಮಾತಾಡುವ ಕಲೆಯನ್ನು ಕಾರ್ಮಿಕರು ಕಲಿತರು. ಅದಕ್ಕೆ 'ಫೋರ್ಡ್ ಪಿಸುಮಾತು' ಎಂದೇ ಹೆಸರಾಯಿತು. 1940ರಲ್ಲಿ ಒಬ್ಬ ಕಾರ್ಮಿಕನನ್ನು ಮುಗುಳುನಗುತ್ತಿದ್ದನೆಂಬ ಕಾರಣಕ್ಕೆ ಕೆಲಸದಿಂದ ತೆಗೆದುದನ್ನು ಕೀತ್ ಸ್ವಾರ್ಡರು 1948ರ ತಮ್ಮ ಗ್ರಂಥದಲ್ಲಿ ದಾಖಲಿಸಿದ್ದಾರೆ. ಅವನು ಅದಕ್ಕೆ ಮುನ್ನ ಸಂಗಡಿಗರೊಡನೆ ನಕ್ಕು ಸುಮಾರು ಅರ್ಧ ನಿಮಿಷ ಕೆಲಸವನ್ನು ತಡಮಾಡಿದ್ದನೆಂಬ ಆರೋಪವೂ ಇತ್ತು.

ನಗೆಯನ್ನು ತಡೆಯುವ ಬದಲು ಬಳಸಿಕೊಳ್ಳಬಹುದೆಂಬ ಎಣಿಕೆಗೆ ಆಧಾರವಾಗಿ ಸಾಮಾನ್ಯವಾಗಿ ಉದಾಹರಿಸುವುದು ಷಿಕಾಗೋ ನಗರದ ಬಳಿಯ ಹಾಥಾರ್ನ್ ಕಾರ್ಖಾನೆಯ ಪ್ರಯೋಗಗಳನ್ನು. ಈ ಪ್ರಯೋಗಗಳನ್ನು ಪಠ್ಯಪುಸ್ತಕಗಳು ಹೇಳುವಷ್ಟು ಸರಳವಾಗಿ ಹೇಳಲು ನಮಗೆ ಮನಸ್ಸಿಲ್ಲ. 1927ರಲ್ಲಿ ಐವರು ತರುಣಿಯರನ್ನು ಬೇರೆ ಕೋಣೆಯಲ್ಲಿ ಕೂರಿಸಿ, ಟೆಲಿಫೋನಿನ ರಿಲೇ ಎಂಬ ಸಣ್ಣ ಭಾಗವನ್ನು ಜೋಡಿಸುವ ಕೆಲಸ ಕೊಟ್ಟು, ವಿರಾಮಗಳನ್ನೂ ವೇಳೆಯನ್ನೂ ಬದಲಿಸಿ ನೋಡಲಾಯಿತು. ಅವರು ಮಾತಾಡಿಕೊಂಡು ನಗುತ್ತ ಕೆಲಸ ಮಾಡಿದರು, ಉತ್ಪನ್ನ ಏರುತ್ತ ಹೋಯಿತು. ಆದುದರಿಂದ ಸಂತೋಷವೇ ಉತ್ಪನ್ನದ ಮೂಲ ಎಂಬ ತೀರ್ಮಾನ ಬಹುಕಾಲ ಪ್ರಚಾರದಲ್ಲಿತ್ತು. ಆದರೆ 1928ರ ಜನವರಿಯಲ್ಲಿ ಆ ಐವರಲ್ಲಿ ಇಬ್ಬರನ್ನು ಹೊರಗೆ ಕಳುಹಿಸಿ ಬೇರೆ ಇಬ್ಬರನ್ನು ತಂದರು. ಅವರ ಮೇಲಿದ್ದ ದೂರುಗಳಲ್ಲಿ ಮುಖ್ಯವಾದುದು ಅತಿಯಾಗಿ ಮಾತಾಡುತ್ತಾರೆ ಎಂಬುದೇ! ಕೋಣೆಯಲ್ಲಿ ಉಳಿದವರಿಗೆ ಈ ಸೂಚನೆ ಅರ್ಥವಾಗದೆ ಹೋಗಿರಲಾರದು. ಸಣ್ಣ ಗುಂಪಿನ ಉತ್ಪನ್ನಕ್ಕೆ ಹೊಂದಿಸಿದ ಕೂಲಿಯೂ ಅವರಿಗಿತ್ತು. ಅಲೆಕ್ಸ್ ಕೇರಿ 1967ರಲ್ಲಿ ಈ ತೀರ್ಮಾನವನ್ನು ಖಂಡಿಸಿದರು. 1978ರಲ್ಲಿ ಫ್ರಾಂಕೆ ಮತ್ತು ಕಾಲ್ ಅಂಕಿಗಳನ್ನು ಹೊಸದಾಗಿ ಗಣಿಸಿ, ಶಿಸ್ತು, ಆರ್ಥಿಕ ಮುಗ್ಗಟ್ಟು, ವಿಶ್ರಾಂತಿ ಇವುಗಳ ಪಾತ್ರವೇ ದೊಡ್ಡದೆಂದು ತೋರಿಸಿದರು. ಸಂತೋಷದ ಸಿದ್ಧಾಂತವು ನಿಂತ ನೆಲ ಅಷ್ಟು ಗಟ್ಟಿಯಲ್ಲ.

ಅದೇ ಕಾರ್ಖಾನೆಯಲ್ಲಿ 1931–32ರಲ್ಲಿ ಗಮನಕ್ಕೆ ಒಳಗಾದ 14 ಗಂಡಸರ ಕೋಣೆಯ ಕಥೆ ಬೇರೆಯಾಗಿದೆ. ಅವರು ನಾಣ್ಯ ಚಿಮ್ಮಿ ಪಂಥ ಕಟ್ಟಿದರು, ಕುದುರೆಯ ಜೂಜಿಗೆ ಹಣ ಕೂಡಿಸಿದರು, ಒಬ್ಬರ ತೋಳಿಗೆ ಒಬ್ಬರು ಗುದ್ದುವ ಆಟವನ್ನು ಆಡಿದರು. ಈ ಗುದ್ದು ಬರಿಯ ಆಟವಾಗಿರಲಿಲ್ಲ. ಗುಂಪು ಒಪ್ಪಿಕೊಂಡ ಪ್ರಮಾಣಕ್ಕಿಂತ ಹೆಚ್ಚು ಕೆಲಸ ಮಾಡಿದವನಿಗೆ ಅದೇ ಶಿಕ್ಷೆ. ಒಂದೇ ಸೂರಿನ ಕೆಳಗೆ ಒಂದು ಕೋಣೆಯ ನಗೆ ಉತ್ಪನ್ನದೊಡನೆ ಏರಿತು, ಇನ್ನೊಂದರ ನಗೆ ಉತ್ಪನ್ನವನ್ನು ಒಂದು ಗೆರೆಯಲ್ಲಿ ಹಿಡಿದು ನಿಲ್ಲಿಸಿತು. ವಿನೋದದಿಂದ ಉತ್ಪನ್ನ ಹೆಚ್ಚುವುದೇ ಎಂದು ಒಂದೇ ಮಾತಿನಲ್ಲಿ ಕೇಳುವವರಿಗೆ ಇದಕ್ಕಿಂತ ತೊಡಕಿನ ಸಾಕ್ಷ್ಯ ಬೇಕಿಲ್ಲ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಸಂಸ್ಥೆಯಾದ ಬಿಬಿಸಿ ಹಾಡನ್ನು ಕಾರ್ಖಾನೆಯೊಳಕ್ಕೆ ಮರಳಿ ತಂದಿತು. ಒಂದೇ ಬಗೆಯ ಕೆಲಸದ ಬೇಸರವನ್ನು ಸಂಗೀತವು ಕಡಮೆ ಮಾಡುವುದೆಂದು ವ್ಯಾಟ್, ಲ್ಯಾಂಗ್‌ಡನ್ ಮೊದಲಾದವರ 1937ರ ವರದಿ ಆಗಲೇ ಹೇಳಿತ್ತು. 1940ರ ಜೂನ್ 23ರಿಂದ ಬೆಳಗ್ಗೆ ಅರ್ಧ ಗಂಟೆ, ಮಧ್ಯಾಹ್ನ ಅರ್ಧ ಗಂಟೆ, ದಣಿವು ಹೆಚ್ಚುವ ವೇಳೆಗೆ ಸರಿಯಾಗಿ, ಧ್ವನಿವರ್ಧಕಗಳ ಮೂಲಕ ವಾದ್ಯಸಂಗೀತ ಹರಿಯಿತು. 'ಮ್ಯೂಸಿಕ್ ವೈಲ್ ಯು ವರ್ಕ್' ಎಂಬ ಆ ಕಾರ್ಯಕ್ರಮ 1967ರವರೆಗೆ ನಡೆಯಿತು. ಕಾರ್ಖಾನೆಗಳ ಊಟದ ಮನೆಗಳಿಂದಲೇ ಪ್ರಸಾರವಾದ 'ವರ್ಕರ್ಸ್ ಪ್ಲೇಟೈಮ್' 1941ರಿಂದ 1964ರವರೆಗೆ. ಕಾರ್ಮಿಕರು ಅದನ್ನು ಮೆಚ್ಚಿದರೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಸಂಗೀತಕ್ಕೆ ನಿಯಮಗಳಿದ್ದುವು. ತೂಕಡಿಕೆ ತರುವ ನಿಧಾನದ ರಾಗ ಕೂಡದು, ಲಯದಲ್ಲಿ ಏರಿಳಿತ ಕೂಡದು. ಟೆಕ್ಸಾಸ್ ನಾಡಿನ ಹೆಸರುಳ್ಳ ಒಂದು ಜನಪ್ರಿಯ ಹಾಡಿನಲ್ಲಿ ಕೈ ತಟ್ಟುವ ಜಾಗವಿತ್ತು. ಅದು ಬಂದಾಗ ಕೆಲಸಗಾರರು ಸ್ಪ್ಯಾನರಿನಿಂದ ಯಂತ್ರವನ್ನು ಬಡಿಯಬಹುದೆಂದು ಆ ಹಾಡನ್ನೇ ಕಾರ್ಯಕ್ರಮದಿಂದ ತೆಗೆದರು. ಬೀಸುವ ಕಲ್ಲಿನ ಮುಂದೆ ಕೈಯೇ ಹಾಡನ್ನು ಆಳುತ್ತಿದ್ದರೆ, ಇಲ್ಲಿ ಕೈ ಹಾಡಿಗೆ ಓಗೊಡುವುದೇ ಅಪರಾಧವಾಯಿತು.

ಡೊನಾಲ್ಡ್ ರಾಯ್ ಎಂಬ ಸಮಾಜಶಾಸ್ತ್ರಜ್ಞರು ತಾವೇ ಕೂಲಿಗೆ ಸೇರಿ, ತುಂಡುಗಳನ್ನು ಕತ್ತರಿಸುವ ಯಂತ್ರದ ಮುಂದೆ ಎರಡು ತಿಂಗಳು ನಿಂತು ಬರೆದ 'ಬಾಳೆಹಣ್ಣಿನ ವೇಳೆ' ಎಂಬ ಲೇಖನವು 1959–60ರಲ್ಲಿ ಪ್ರಕಟವಾಯಿತು. ಪ್ರತಿದಿನವೂ ಒಬ್ಬ ಮುದುಕನು ಇನ್ನೊಬ್ಬನ ಡಬ್ಬಿಯಿಂದ ಬಾಳೆಹಣ್ಣನ್ನು ಕದ್ದು, ಕೂಗಿ ಸಾರಿ, ತಿನ್ನುವನು. ಹಣ್ಣಿನವನು ಪ್ರತಿದಿನವೂ ಕೂಗಾಡುವನು, ಮರುದಿನ ಮತ್ತೆ ಹಣ್ಣನ್ನು ತರುವನು. ಪೀಚ್ ಹಣ್ಣಿನ ವೇಳೆ, ಕಿಟಕಿಯ ವೇಳೆ, ಮೀನಿನ ವೇಳೆ ಎಂದು ದಿನವಿಡೀ ಇಂಥ ಚೇಷ್ಟೆಗಳ ಸರಣಿಯೇ ಇತ್ತು. (ಅಧ್ಯಾಪಕರ ಕೊಠಡಿಯಲ್ಲಿ ಕಾಫಿ ಬರುವ ಹೊತ್ತಿನ ಮಾತುಕತೆಯನ್ನು ಬಲ್ಲವರಿಗೆ ಇದರಲ್ಲಿ ಅಪರಿಚಿತವಾದುದೇನೂ ಇಲ್ಲ.) ಮೊದಲು ಮೂರ್ಖತನವೆಂದು ತೋರಿದ ಈ ಆಟಗಳೇ ತುದಿಮೊದಲಿಲ್ಲದ ದಿನವನ್ನು ತುಂಡು ಮಾಡಿ ಸಹ್ಯವಾಗಿಸುತ್ತಿದ್ದುವೆಂದು ರಾಯ್ ಅವರಿಗೆ ಅರಿವಾಯಿತು. ಅವರದೇ ಒಂದು ಹಾಸ್ಯ ಎಲ್ಲೋ ತಾಗಿ ಗುಂಪು ಮುರಿದಾಗ ಕೆಲವು ದಿನ ಯಾರೂ ಮಾತಾಡಲಿಲ್ಲ. ಆ ದಿನಗಳಲ್ಲಿ ತಮ್ಮ ಕಾಲುನೋವು, ದಣಿವು ಮರಳಿ ಬಂದುವೆಂದು ಅವರು ಬರೆದರು. ನೌಕರನ ಮೇಲೆ ವಿನೋದ ಮಾಡುವ ಪರಿಣಾಮವನ್ನು ಕುರಿತು ಯಾವ ಅಂಕಿಪಟ್ಟಿಗಿಂತಲೂ ಈ ಸಾಕ್ಷ್ಯವೇ ನಮಗೆ ಹೆಚ್ಚು ನಂಬಲರ್ಹವಾಗಿ ಕಾಣುತ್ತದೆ. ಮಾಪನ ಮಾಡಿದವನೂ ದಣಿದವನೂ ಒಬ್ಬನೇ ಆಗಿದ್ದುದು ಅದರ ಬೆಲೆ.

ನಮ್ಮ ದೇಶದಲ್ಲಿ ಈ ವಿಷಯ ಕಾನೂನಿನ ಬಾಗಿಲಿನಿಂದ ಬಂದಿತು. ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟಗಳಿಗೂ ಅನ್ವಯವಾದ 1951ರ ತೋಟ ಕಾರ್ಮಿಕರ ಕಾಯಿದೆಯು ಕಾರ್ಮಿಕರಿಗೆ ಮನರಂಜನೆಯ ಸೌಕರ್ಯಗಳನ್ನು ಮಾಲೀಕರ ಹೊಣೆಯಾಗಿ ಮಾಡಿತು. ಬೆಂಗಳೂರಿನ ಸರ್ಕಾರಿ ಉದ್ದಿಮೆಗಳಲ್ಲಿ ಕನ್ನಡ ಸಂಘಗಳು ಕಟ್ಟಿದ ನಾಟಕ, ರಾಜ್ಯೋತ್ಸವಗಳು ಕಾರ್ಮಿಕರೇ ಮುಂದೆ ನಿಂತು ನಡೆಸಿದುವು. ಆಯುಧಪೂಜೆಯ ದಿನ ಲೇತ್ ಯಂತ್ರಕ್ಕೂ ಬಸ್ಸಿಗೂ ಹೂವು, ಕುಂಕುಮ ಏರಿಸಿ, ಕಡಲೆಪುರಿ ಹಂಚುವ ಪದ್ಧತಿಯನ್ನು ಯಾವ ಆಡಳಿತವರ್ಗವೂ ಕಲ್ಪಿಸಿದ್ದಲ್ಲ. ಆ ದಿನ ಯಂತ್ರ ನಿಂತೇ ಇರುತ್ತದೆ.

1980ರ ದಶಕದಿಂದ ಈಚೆಗೆ ಸಂಸ್ಥೆಗೊಂದು 'ಸಂಸ್ಕೃತಿ' ಬೇಕು, ವಿನೋದವು ಅದರ ಅಂಗವಾಗಬೇಕು ಎಂಬ ವಾದ ಅಮೆರಿಕದಿಂದ ಎಲ್ಲೆಡೆಗೆ ಹಬ್ಬಿತು. ಪೀಟರ್ ಫ್ಲೆಮಿಂಗ್ 2005ರಲ್ಲಿ ಪ್ರಕಟಿಸಿದ ಅಧ್ಯಯನವು ಆಸ್ಟ್ರೇಲಿಯದ ದೂರವಾಣಿ ಸೇವೆಯ ಸಂಸ್ಥೆಯೊಂದನ್ನು ಕುರಿತದ್ದು. ಅಲ್ಲಿನ ಏರ್ಪಾಟಿನ ವಿನೋದದಲ್ಲಿ ತಮ್ಮನ್ನು ಶಾಲೆಯ ಮಕ್ಕಳಂತೆ ಕಾಣಲಾಗುತ್ತಿದೆಯೆಂದು ಹಲವು ನೌಕರರು ಹೇಳಿದರು. ಅವರ ಅಸಮಾಧಾನ ನಗೆಯ ಮೇಲಲ್ಲ. ನಗಬೇಕೆಂಬ ನಿಬಂಧನೆಯ ಮೇಲೆ.

ಈ ನಿಬಂಧನೆ ಒಂದು ನ್ಯಾಯಾಲಯದ ಮುಂದೆಯೂ ಬಂದಿತು. ಪ್ಯಾರಿಸ್ಸಿನ ಸಲಹಾ ಸಂಸ್ಥೆಯೊಂದು ತನ್ನ ಹಿರಿಯ ನೌಕರನೊಬ್ಬನನ್ನು 2015ರಲ್ಲಿ ಕೆಲಸದಿಂದ ತೆಗೆಯಿತು. ಸಂಸ್ಥೆಯ ವಿನೋದದ ಧೋರಣೆಗೆ, ಅಂದರೆ ಕೆಲಸ ಮುಗಿದ ಮೇಲಿನ ಮದ್ಯಗೋಷ್ಠಿ, ವಾರದ ಕೊನೆಯ ಕೂಟ ಮುಂತಾದುವಕ್ಕೆ ಅವನು ಹೊಂದಿಕೊಳ್ಳಲಿಲ್ಲವೆಂಬುದು ಕಾರಣಗಳಲ್ಲಿ ಒಂದು. ಫ್ರಾನ್ಸಿನ ಅತ್ಯುನ್ನತ ನ್ಯಾಯಾಲಯವಾದ ಕೂರ್ ದ ಕಸ್ಸಾಸ್ಯೋಂ 2022ರ ನವೆಂಬರ್ 9ರಂದು ತೀರ್ಪು ಕೊಟ್ಟಿತು. ಅಂಥ ವಿನೋದದಲ್ಲಿ ಸೇರಲು ಒಪ್ಪದಿರುವುದು ಅಭಿಪ್ರಾಯ ಸ್ವಾತಂತ್ರ್ಯದ ಚಲಾವಣೆಯೆಂದೂ, ಅದಕ್ಕಾಗಿ ಕೊಟ್ಟ ವಜಾ ಅಸಿಂಧುವೆಂದೂ ಅದು ಹೇಳಿತು. ಫೋರ್ಡನ ಕಾರ್ಖಾನೆಯಲ್ಲಿ ನಕ್ಕವನು ಕೆಲಸ ಕಳೆದುಕೊಂಡದ್ದಕ್ಕೂ, ನಗದವನು ಕಳೆದುಕೊಂಡ ಕೆಲಸದ ಬಗೆಗೆ ಈ ತೀರ್ಪು ಬಂದುದಕ್ಕೂ ನಡುವೆ 82 ವರ್ಷಗಳಾದುವು.