ಟೆವಿಯಟ್ ಪ್ಲೇಸ್ ವೈದ್ಯಕೀಯ ಶಾಲೆ, ಎಡಿನ್‌ಬರೊ

ನಿರ್ಮಾಣ: 1876–1886
ವಾಸ್ತುಶಿಲ್ಪಿ: ರಾಬರ್ಟ್ ರೋವಂಡ್ ಆಂಡರ್ಸನ್

ನಿಮ್ಮೆದುರಿನ ಈ ಮರಳುಗಲ್ಲಿನ ಕಟ್ಟಡ ನಿಂತಿರುವುದು ಸ್ಕಾಟ್ಲೆಂಡಿನಲ್ಲಿ; ಚಹರೆ ಮಾತ್ರ ಇಟಲಿಯದು. ಗಾಥಿಕ್ ಶೈಲಿಯ ಚೂಪು ಕಮಾನುಗಳು ಮೆರೆಯುತ್ತಿದ್ದ ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಆಂಡರ್ಸನ್ ಇಟಲಿಯ ಪುನರುಜ್ಜೀವನ ಶೈಲಿಯನ್ನು ಆರಿಸಿಕೊಂಡರು. ಸಾಲು ಸಾಲು ದೊಡ್ಡ ಕಿಟಕಿಗಳಿಗೆ ಒಗ್ಗುವ ಶೈಲಿಯದು. ಶವಚ್ಛೇದನದ ಕೋಣೆಗೆ ಬೆಳಕೇ ಬಂಡವಾಳ!

1726ರಲ್ಲಿ ಆರಂಭವಾದ ಎಡಿನ್‌ಬರೊ ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗಕ್ಕೆ ಹಳೆಯ ಕಾಲೇಜಿನಲ್ಲಿ ಜಾಗ ಸಾಲದಾಗಿತ್ತು. ಪಕ್ಕದ ಮಿಡೋ ವಾಕ್ ದಾಟಿದರೆ 2003ರವರೆಗೆ ರಾಯಲ್ ಇನ್‌ಫರ್ಮರಿ ಆಸ್ಪತ್ರೆ ಇತ್ತು. ಅದರ ಹೊಸ ಕಟ್ಟಡ ತೆರೆದದ್ದು 1879ರಲ್ಲಿ. ಪಾಠದ ಕೊಠಡಿಗೂ ರೋಗಿಯ ಹಾಸಿಗೆಗೂ ನಡುವೆ ಉಳಿದದ್ದು ಒಂದು ಕಾಲುದಾರಿಯಷ್ಟೇ.

ಈಗ ತಲೆಯೆತ್ತಿ ನೋಡಿ. ಆಂಡರ್ಸನ್ ನಕ್ಷೆಯಲ್ಲಿ ಎತ್ತರದ ಗಂಟೆಗೋಪುರವೊಂದಿತ್ತು. ಹಣ ಸಾಲದೆ ಅದು ಮೇಲೇಳಲೇ ಇಲ್ಲ. ಪದವಿ ಪ್ರದಾನದ ಸಭಾಂಗಣವೂ ಕಾಯಬೇಕಾಯಿತು. ಕೊನೆಗೆ ಬಿಯರ್ ತಯಾರಕ ವಿಲಿಯಂ ಮೆಕ್‌ಯೂವನ್ ಕೊಟ್ಟ ದುಡ್ಡಿನಿಂದ, ಅವರದೇ ಹೆಸರಿನಲ್ಲಿ, 1897ರಲ್ಲಿ ಪೂರ್ಣಗೊಂಡಿತು. ವೈದ್ಯರ ಪದವಿಗೆ ಮದ್ಯದ ಹಣ. ಊರಿನವರು ನಕ್ಕಿದ್ದರೆ ಆಶ್ಚರ್ಯವಿಲ್ಲ.

ಒಳಗಿನ ಅಂಗರಚನಾ ಉಪನ್ಯಾಸ ಮಂದಿರದ ಆಸನಗಳು ಕಡಿದಾದ ಮೆಟ್ಟಿಲುಗಳಂತೆ ಏರುತ್ತವೆ. ಅಂಗರಚನಾ ಸಂಗ್ರಹಾಲಯದ ಪ್ರವೇಶದಲ್ಲಿ ಎರಡು ಆನೆಗಳ ಅಸ್ಥಿಪಂಜರಗಳಿವೆ, ನೋಡದೆ ಹೋಗಬೇಡಿ.